ಜೊತೆದನಿ ಕಲಿಸಿದ ವಿದ್ಯೆ

ಐರ್ಲೆಂಡಿನ ಲೀಸಾ ಹ್ಯಾನಿಗನ್ ಅವರ ದನಿಯನ್ನು ಜಗತ್ತು ಮೊದಲು ಕೇಳಿದ್ದು ಇನ್ನೊಬ್ಬರ ಹಾಡುಗಳಲ್ಲಿ. ಡೇಮಿಯನ್ ರೈಸ್ ಅವರ ‘ಓ’ (2002) ಆಲ್ಬಮ್‌ನಲ್ಲಿ ಅವರದು ಜೊತೆದನಿ. ಅಲ್ಲಿನ ‘ಐ ರಿಮೆಂಬರ್’ ಹಾಡು ಇವರ ಮೆಲುದನಿಯಿಂದ ಶುರುವಾಗಿ ರೈಸ್ ಅವರ ಕೂಗಿಗೆ ತಿರುಗುತ್ತದೆ. ಮೆಲುದನಿ ಇನ್ನೂ ಕಿವಿಯಲ್ಲಿ ಉಳಿದಿರುವುದರಿಂದಲೇ ಆ ಕೂಗಿಗೆ ತೂಕ.

2007ರಲ್ಲಿ ಇಬ್ಬರೂ ಬೇರೆಯಾದರು. ಮರುವರ್ಷ ಬಂದ ಹ್ಯಾನಿಗನ್ ಅವರ ಮೊದಲ ಆಲ್ಬಮ್ ‘ಸೀ ಸ್ಯೂ’ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೇರಿತು. ನೆರಳಿನಿಂದ ಬೆಳಕಿಗೆ ಬಂದ ಗಾಯಕಿ ಎಂದು ಇಲ್ಲಿಗೇ ಕಥೆ ಮುಗಿಸುವುದು ಸುಲಭ. ಆದರೆ ಜೊತೆದನಿಯ ವಿದ್ಯೆಯನ್ನು ಅವರು ಬಿಟ್ಟುಕೊಡಲಿಲ್ಲ.

ಆ್ಯರನ್ ಡೆಸ್ನರ್ ನಿರ್ಮಾಣದ ‘ಅಟ್ ಸ್ವಿಮ್’ (2016) ಆಲ್ಬಮ್‌ನಲ್ಲಿ ಶೇಮಸ್ ಹೀನಿಯವರ ‘ಅನಹೋರಿಶ್’ ಕವಿತೆಗೆ ಹ್ಯಾನಿಗನ್ ರಾಗ ಹಾಕಿದ್ದಾರೆ. ಕವಿಯ ಬಾಲ್ಯದ ಊರಿನ ಹೆಸರಿನ ಸದ್ದನ್ನೇ ಸವಿಯುವ ಕವಿತೆಯದು. ಅದಕ್ಕೆ ವಾದ್ಯಗಳ ಹಂಗಿಲ್ಲ. ದನಿಗೆ ದನಿಯೇ ಆಸರೆ. ಆಲ್ಬಮ್ ಉದ್ದಕ್ಕೂ ಒಂದೇ ಮಂದಗತಿ, ‘ಸೀ ಸ್ಯೂ’ವಿನ ತುಂಟತನ ಕಾಣೆಯಾಗಿದೆ ಎಂಬ ದೂರು ನ್ಯಾಯವೇ. ಆದರೆ ಈ ಹಾಡಿನಲ್ಲಿ ಮಂದಗತಿ ಕವಿತೆಯ ಒಂದೊಂದು ಪದಕ್ಕೂ ಎಡೆ ಕೊಡುತ್ತದೆ. ಇನ್ನೊಬ್ಬರ ಮಾತಿಗೆ ಜಾಗ ಬಿಟ್ಟು ಹಾಡುವುದನ್ನು ಜೊತೆದನಿಯಾಗಿ ದುಡಿದವರಲ್ಲದೆ ಇನ್ನಾರು ಬಲ್ಲರು?