ದ್ವೀಪದಲ್ಲಿ ಇದ್ದವನು ಒಬ್ಬನೇ ಏನು?

ಹಡಗು ಒಡೆದು ದ್ವೀಪ ಸೇರಿದವನ ಕತೆ ಹಳತಾಗೋದೇ ಇಲ್ಲ. 1719ರಲ್ಲಿ ಡೇನಿಯಲ್ ಡೆಫೋ 'ರಾಬಿನ್ಸನ್ ಕ್ರೂಸೋ' ಬರೆದ. 2000ದಲ್ಲಿ ಹಾಲಿವುಡ್ಡಿನವರು 'ಕಾಸ್ಟ್ ಅವೇ' ಸಿನಿಮಾ ತೆಗೆದರು. ಜನ ಯಾಕೆ ಮತ್ತೆ ಮತ್ತೆ ಇದಕ್ಕೆ ಬೀಳ್ತಾರೆ? ಮನುಷ್ಯನ ಒಂಟಿತನದ ಶೋಧ ಅಂತ ಪಂಡಿತರು ಹೇಳಿ ಕೈತೊಳೆದುಕೊಳ್ತಾರೆ. ಅಷ್ಟು ಸಾಲದು.

ಕ್ರೂಸೋ ಕತೆಯಲ್ಲಿ ನಮ್ಮನ್ನ ಹಿಡಿಯೋದು ಒಂಟಿತನ ಅಲ್ಲ, ದುಡಿಮೆ. ಅವನು ಮಣ್ಣು ಕಲಸಿ ಮಡಕೆ ಮಾಡ್ತಾನೆ, ಕೆಡ್ತದೆ, ಮತ್ತೆ ಮಾಡ್ತಾನೆ. ಬಾರ್ಲಿ ಬಿತ್ತಿ, ಕೊಯ್ದು, ಕುಟ್ಟಿ ರೊಟ್ಟಿ ಸುಡ್ತಾನೆ. ಒಂದು ರೊಟ್ಟಿಯ ಹಿಂದೆ ಎಷ್ಟು ಬೆವರಿದೆ ಅಂತ ಇಷ್ಟು ವಿವರವಾಗಿ ಹೇಳುವ ಕಾದಂಬರಿ ಅಪರೂಪ. ಈ ಶಕ್ತಿಯನ್ನ ಒಪ್ಪಲೇಬೇಕು.

ಆದರೆ ಅವನು ಬರಿಗೈಯವನೇ? ಒಡೆದ ಹಡಗಿನಿಂದ ಕೋವಿ, ಮದ್ದು, ಬಡಗಿಯ ಪೆಟ್ಟಿಗೆ, ಕಾಗದ, ಮಸಿ ಎಲ್ಲ ಹೊತ್ತು ತಂದ. ಆ ಹಡಗು ಹೊರಟಿದ್ದು ಬ್ರೆಜಿಲ್ಲಿನ ತೋಟಗಳಿಗೆ ಆಫ್ರಿಕಾದಿಂದ ಗುಲಾಮರನ್ನ ತರೋದಕ್ಕೆ. ತನ್ನ ಜೊತೆ ಸೆರೆಯಿಂದ ಪಾರಾದ ಕ್ಸೂರಿ ಎಂಬ ಹುಡುಗನನ್ನ 60 ನಾಣ್ಯಕ್ಕೆ ಕೊಟ್ಟುಬಿಟ್ಟವನು ಇವನು. ಸುಮಾರು 25 ವರ್ಷದ ಮೇಲೆ ಒಬ್ಬ ಮನುಷ್ಯ ಜೊತೆಗೆ ಸಿಕ್ಕರೆ, ನಿನ್ನ ಹೆಸರೇನು ಅಂತ ಕೇಳಲಿಲ್ಲ. 'ಫ್ರೈಡೇ' ಅಂತ ತಾನೇ ಕರೆದ, ತನ್ನನ್ನ ಒಡೆಯ ಅನ್ನೋದಕ್ಕೆ ಕಲಿಸಿದ. ಕತೆಯ ಸೆಳೆತವೂ ಇಲ್ಲೇ ಇದೆ. ಯಾರ ಋಣವೂ ಇಲ್ಲದೆ ಒಂದು ಲೋಕಕ್ಕೆ ಒಡೆಯನಾದೆ ಅಂತ ಓದುಗ ಕನಸು ಕಾಣಬಹುದು.

ಕ್ರೂಸೋಗೆ ಮೂಲ ಸ್ಕಾಟ್ಲೆಂಡಿನ ನಾವಿಕ ಸೆಲ್ಕರ್ಕ್ ಅಂತಾರೆ. 1704ರಿಂದ 1709ರವರೆಗೆ ಅವನು ಚಿಲಿ ತೀರದಾಚೆಯ ಹುವಾನ್ ಫರ್ನಾಂಡಿಸ್ ದ್ವೀಪಸಮೂಹದಲ್ಲಿದ್ದ. ಅದೇ ದ್ವೀಪದಲ್ಲಿ ಅವನಿಗಿಂತ ಮೊದಲೇ, 1681ರಿಂದ 1684ರವರೆಗೆ, ಮಧ್ಯ ಅಮೆರಿಕದ ಮಿಸ್ಕಿಟೊ ಬುಡಕಟ್ಟಿನವನೊಬ್ಬ ಒಂಟಿಯಾಗಿ ಬದುಕಿದ್ದ. ಅವನು ಮೇಕೆ ಬೇಟೆಗೆ ಕಾಡಿಗೆ ಹೋಗಿದ್ದಾಗ, ಇಂಗ್ಲಿಷ್ ಕಡಲ್ಗಳ್ಳರು ಸ್ಪೇನಿನ ಹಡಗುಗಳಿಗೆ ಹೆದರಿ ಅವನನ್ನ ಬಿಟ್ಟು ಓಡಿದ್ದರು. ಮದ್ದು ತೀರಿದ ಮೇಲೆ ಅವನು ಚಾಕುವಿಗೆ ಹಲ್ಲು ಕೊರೆದು ಗರಗಸ ಮಾಡಿದ. ಕೋವಿಯ ನಳಿಗೆಯನ್ನೇ ಕೊಯ್ದು, ಕಾಯಿಸಿ, ಬಡಿದು ಈಟಿ, ಗಾಳ ಮಾಡಿಕೊಂಡ. ಬಿಡಿಸಲು ಬಂದ ಹಡಗಿನಲ್ಲಿದ್ದ ವಿಲಿಯಂ ಡ್ಯಾಂಪಿಯರ್ ಇದನ್ನ 1697ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಇಂಗ್ಲಿಷರು ಇವನನ್ನ 'ವಿಲ್' ಅಂದರು. ಇವನ ಜನಕ್ಕೆ ಹೆಸರುಗಳೇ ಇಲ್ಲ ಅಂತಲೂ ಡ್ಯಾಂಪಿಯರ್ ಬರೆದುಬಿಟ್ಟ!

1966ರಲ್ಲಿ ಚಿಲಿ ಸರ್ಕಾರ ಆ ದ್ವೀಪಕ್ಕೆ ರಾಬಿನ್ಸನ್ ಕ್ರೂಸೋ ಅಂತ, ಅದೇ ಸಮೂಹದ ಇನ್ನೊಂದಕ್ಕೆ ಸೆಲ್ಕರ್ಕ್ ಅಂತ ಹೆಸರಿಟ್ಟಿತು. ಕಾಗದದ ಮೇಲೆ ಹುಟ್ಟಿದವನಿಗೂ ಒಂದು ದ್ವೀಪ ಸಿಕ್ಕಿತು. ವಿಲ್‌ಗೆ?

1986ರ 'ಫೋ' ಕಾದಂಬರಿಯಲ್ಲಿ ದಕ್ಷಿಣ ಆಫ್ರಿಕಾದ ಕೊಯೆಟ್ಸೀ ಚಿತ್ರಿಸಿದ ಫ್ರೈಡೇಗೆ ನಾಲಗೆಯೇ ಇಲ್ಲ.

ಗೆಳೆಯರೇ, ಈ ಕತೆಗಳನ್ನ ಬಿಸಾಡಿ ಅಂತ ನಾನು ಹೇಳ್ತಿಲ್ಲ. ಓದಿ, ಮಡಕೆಯ ಪುಟಗಳನ್ನ ಎರಡು ಸಲ ಓದಿ. ಹಡಗು ಯಾರನ್ನ ತುಂಬಿಕೊಳ್ಳೋಕೆ ಹೊರಟಿತ್ತು ಅನ್ನೋದನ್ನೂ ಕೇಳಿ.