ಮಹಡಿಯ ಕೋಣೆಯೂ ಮಲೆಯ ದಾರಿಯೂ
(ಕವಾಬಾತನ ಒಂದು ಕಥೆಯನ್ನು ಮತ್ತೆ ಓದಿದಾಗ)

ಯಾಸುನಾರಿ ಕವಾಬಾತನ ‘ಇಜುವಿನ ನರ್ತಕಿ’ ಎಂಬ ಕಥೆಯನ್ನು ನಾನು ಮೊದಲು ಓದಿದ್ದು ಕಾಲೇಜಿನ ದಿನಗಳಲ್ಲಿ, ಒಂದು ಇಂಗ್ಲಿಷ್ ಸಂಗ್ರಹದಲ್ಲಿ. ಓದಿ ಮುಗಿಸಿದಾಗ ಕಣ್ಣು ಒದ್ದೆಯಾಗಿತ್ತೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಉತ್ಸಾಹದಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನವನ್ನೂ ಬರೆದೆ. ‘ನಿಷ್ಕಳಂಕ ಪ್ರೇಮದ ಕಥೆ’ ಎಂದು ಅದರಲ್ಲಿ ಮೂರು ಸಲ ಹೇಳಿದ್ದೆ. ಹೋದ ವರ್ಷ ಶರತ್ಕಾಲದಲ್ಲಿ ಜಪಾನಿಗೆ ಹೋಗುವ ಅವಕಾಶ ಒದಗಿತು. ಕಥೆ ನಡೆಯುವ ಇಜು ಪರ್ಯಾಯದ್ವೀಪದ ಬೆಟ್ಟಗಳ ನಡುವೆ, ಬಿಸಿನೀರಿನ ಬುಗ್ಗೆಗಳಿರುವ ಹಳೆಯ ತಂಗುಮನೆಗಳಲ್ಲಿ ಎರಡು ರಾತ್ರಿ ಕಳೆದೆ. ನಡುವಿನ ಒಂದು ಹಗಲು ಕಥಾನಾಯಕನು ನಡೆದ ದಾರಿಯಲ್ಲಿ ನಡೆದೆ. ಪುಸ್ತಕ ಚೀಲದಲ್ಲಿಯೇ ಇತ್ತು. ಅಲ್ಲಿಯೇ ಮತ್ತೊಮ್ಮೆ ಓದಿದೆ. ಹಿಂದೆ ಬರೆದ ಮಾತನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ಈ ಬರವಣಿಗೆಗೆ ಅದೇ ಕಾರಣ.

ಕಥೆಯನ್ನು ಓದದವರಿಗಾಗಿ ನಾಲ್ಕು ಮಾತು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಸಾಕಿದ ಅಜ್ಜನನ್ನೂ ಹದಿನೈದರ ಹೊತ್ತಿಗೆ ಕಳೆದುಕೊಂಡವನು ಕವಾಬಾತ. 1918ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಟೋಕಿಯೋದ ವಿದ್ಯಾರ್ಥಿಯಾಗಿದ್ದ ಅವನು ಇಜುವಿನಲ್ಲಿ ಕಾಲ್ನಡಿಗೆಯ ಪ್ರವಾಸ ಮಾಡಿದನು. ದಾರಿಯಲ್ಲಿ ಅಲೆಮಾರಿ ಕಲಾವಿದರ ಒಂದು ಕುಟುಂಬ ಅವನಿಗೆ ಜೊತೆಯಾಯಿತು. ಈ ಅನುಭವ 1926ರಲ್ಲಿ ಕಥೆಯಾಗಿ ಪ್ರಕಟವಾಯಿತು. ಕಥೆಯಲ್ಲಿ ಆಗುವುದು ಬಹಳ ಕಡಿಮೆ. ಮನಸ್ಸು ಕದಡಿದ ವಿದ್ಯಾರ್ಥಿಯೊಬ್ಬನು ಡೋಲು ಹೊತ್ತ ನರ್ತಕಿಯನ್ನು ದಾರಿಯಲ್ಲಿ ಕಂಡು ಆಕರ್ಷಿತನಾಗುತ್ತಾನೆ. ಅವಳು ಇನ್ನೂ ಹದಿಮೂರು-ಹದಿನಾಲ್ಕರ ಮಗುವೆಂದು ಆಮೇಲೆ ತಿಳಿಯುತ್ತದೆ. ಕೆಲವು ದಿನ ಜೊತೆಯಲ್ಲಿ ನಡೆದು, ಶಿಮೋದಾ ಬಂದರಿನಲ್ಲಿ ಅವರನ್ನು ಬಿಟ್ಟು ಹಡಗು ಹತ್ತುತ್ತಾನೆ. ಹಡಗಿನಲ್ಲಿ ಅಳುತ್ತಾನೆ. ಇಷ್ಟೇ. 1968ರಲ್ಲಿ ನೊಬೆಲ್ ಬಹುಮಾನ ಪಡೆದ ಮೊದಲ ಜಪಾನೀ ಸಾಹಿತಿಗೆ ಜನಪ್ರಿಯತೆಯನ್ನು ತಂದದ್ದು ಈ ಚಿಕ್ಕ ಕಥೆ. ಅದು ಹಲವು ಸಲ ಚಲನಚಿತ್ರವಾಗಿದೆ. ಟೋಕಿಯೋದಿಂದ ಇಜುವಿಗೆ ಹೋಗುವ ಒಂದು ರೈಲಿಗೂ ನರ್ತಕಿಯ ಹೆಸರೇ ಇದೆ.

ಮಿಷಿಮಾದಿಂದ ಶುಜೆಂಜಿಗೆ ಚಿಕ್ಕ ರೈಲು, ಅಲ್ಲಿಂದ ಬಸ್ಸು. ಬಸ್ಸಿನ ದಾರಿ ಕಾನೋ ನದಿಯ ಕಣಿವೆಯನ್ನು ಹಿಡಿದು ಯುಗಾಷಿಮಾದ ಕಡೆಗೆ ಏರುತ್ತದೆ. ಕವಾಬಾತನು ಹತ್ತು ವರ್ಷಗಳ ಕಾಲ ಮತ್ತೆ ಮತ್ತೆ ಬಂದು ತಂಗುತ್ತಿದ್ದ ಯುಮೋತೋಕಾನ್ ಎಂಬ ತಂಗುಮನೆ ಇರುವುದು ಇಲ್ಲಿಯೇ. ನಾನು ಇಳಿದುಕೊಂಡದ್ದು ಅದಕ್ಕಿಂತ ಸಣ್ಣದಾದ, ಊರಿನಿಂದ ಸ್ವಲ್ಪ ದೂರದ ಇನ್ನೊಂದು ಮನೆಯಲ್ಲಿ. ಇಂಥ ಮನೆಗಳನ್ನು ಜಪಾನೀಯರು ‘ರ್ಯೋಕಾನ್’ ಎನ್ನುತ್ತಾರೆ. ಬಾಗಿಲಲ್ಲಿ ಪಾದರಕ್ಷೆ ಬಿಡಬೇಕು. ಕೋಣೆಯಲ್ಲಿ ಮಂಚ, ಕುರ್ಚಿ ಇಲ್ಲ. ‘ತತಾಮಿ’ ಎಂಬ ಹುಲ್ಲುಚಾಪೆ, ಒಂದು ಗಿಡ್ಡ ಮೇಜು, ಗೋಡೆಯ ಗೂಡಿನಲ್ಲಿ ಒಂದು ಚಿತ್ರಪಟ, ಅದರ ಕೆಳಗೆ ಒಂದು ಹೂವು. ಕೋಣೆಯ ಕೆಲಸದ ಹೆಂಗಸು ಮಂಡಿಯೂರಿ ಕುಳಿತೇ ಬಾಗಿಲು ಸರಿಸುತ್ತಾಳೆ. ಊಟವನ್ನು ಕೋಣೆಗೇ ತರುತ್ತಾಳೆ. ರಾತ್ರಿ ಅದೇ ಚಾಪೆಯ ಮೇಲೆ ಹಾಸಿಗೆ ಬಿಡಿಸಿ ಹೋಗುತ್ತಾಳೆ. ತೊಟ್ಟಿಗೆ ಇಳಿಯುವ ಮುಂಚೆ ಹೊರಗೆ ಕುಳಿತು ಮೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ತೊಟ್ಟಿಯ ನೀರು ಎಲ್ಲರದು. ಅದನ್ನು ಕೊಳೆ ಮಾಡಕೂಡದು. ನಡೆದು ದಣಿದ ಕಾಲನ್ನು ಆ ನೀರಿನಲ್ಲಿ ಇಳಿಬಿಟ್ಟು, ಕೆಳಗೆ ಹೊಳೆಯ ಸದ್ದನ್ನು ಕೇಳುತ್ತ ಕುಳಿತವನಿಗೆ ಲೋಕದಲ್ಲಿ ಯಾರ ಮೇಲೂ ದೂರಿರುವುದಿಲ್ಲ. ಆ ಸುಖವನ್ನು ನಾನು ಅಲ್ಲಗಳೆಯಲಾರೆ. ಕಥೆಯ ವಿಷಯದಲ್ಲಿ ನನ್ನನ್ನು ಇಷ್ಟು ವರ್ಷ ದಾರಿ ತಪ್ಪಿಸಿದ್ದು ಈ ಸುಖವೇ ಇರಬೇಕೆಂದು ಈಗ ತೋರುತ್ತದೆ.

ಏಕೆಂದರೆ ಈ ಕಥೆಯಲ್ಲಿ ತಂಗುಮನೆಗಳು ಎರಡು ಬಗೆಯವು. ನಾನು ಮೊದಲ ಓದಿನಲ್ಲಿ ಇದನ್ನು ಗಮನಿಸಿರಲೇ ಇಲ್ಲ. ಯುಗಾನೋ ಊರಿಗೆ ಬಂದಾಗ ವಿದ್ಯಾರ್ಥಿ ಕಲಾವಿದರೊಡನೆ ಅಗ್ಗದ ತಂಗುದಾಣವೊಂದರ ಮಹಡಿ ಹತ್ತುತ್ತಾನೆ. ಚಾಪೆ ಹಳೆಯದು, ಕೊಳೆಯಾದದ್ದು. ನರ್ತಕಿ ಚಹ ತಂದು, ನಾಚಿ, ಕೈನಡುಗಿ ಚೆಲ್ಲುತ್ತಾಳೆ. ತಾನೂ ಇಲ್ಲಿಯೇ ಉಳಿಯುವವನೆಂದು ಅವನು ತಿಳಿದಿದ್ದಾನೆ. ಆದರೆ ಒಂದು ಗಂಟೆ ಕಳೆದ ಮೇಲೆ ನರ್ತಕಿಯ ಅಣ್ಣನಾದ ಏಕಿಚಿ ಅವನನ್ನು ಹೊಳೆಯ ಕಡೆಗೆ ಇಳಿಸಿ, ಸೇತುವೆ ದಾಟಿಸಿ, ತೋಟವಿರುವ ಬೇರೊಂದು ಒಳ್ಳೆಯ ಮನೆಗೆ ಕರೆದೊಯ್ಯುತ್ತಾನೆ. ಯಾರೂ ಜಗಳವಾಡುವುದಿಲ್ಲ; ಯಾರೂ ವಿವರಣೆ ಕೊಡುವುದಿಲ್ಲ. ವಿದ್ಯಾರ್ಥಿಗೆ ತಕ್ಕ ಸ್ಥಳ ಯಾವುದೆಂಬುದು ಅಲೆಮಾರಿಗೆ ವಿದ್ಯಾರ್ಥಿಗಿಂತ ಚೆನ್ನಾಗಿ ಗೊತ್ತು. ಅಲ್ಲಿಂದ ಮುಂದೆ ಕಥೆಯೆಲ್ಲ ಈ ಹೊಳೆಯ ಎರಡು ದಡಗಳ ನಡುವೆ ನಡೆಯುತ್ತದೆ. ರಾತ್ರಿ ಮಳೆ; ದೂರದ ಔತಣವೊಂದರಿಂದ ಅವಳ ಡೋಲಿನ ಸದ್ದು. ಸದ್ದು ನಿಂತಾಗ, ಈ ರಾತ್ರಿ ಅವಳು ಮಲಿನಳಾಗುವಳೋ ಏನೋ ಎಂದು ಅವನು ಸಂಕಟಪಡುತ್ತಾನೆ. ಬೆಳಗ್ಗೆ ತನ್ನ ಸ್ನಾನದ ತೊಟ್ಟಿಯಿಂದ ನೋಡಿದರೆ ಆಚೆ ದಡದ ಸಾರ್ವಜನಿಕ ಸ್ನಾನಗೃಹದಿಂದ ಅವಳು ಬತ್ತಲೆಯಾಗಿಯೇ ಹೊರಗೋಡಿ ಬಂದು, ಇವರನ್ನು ಕಂಡ ಸಂತೋಷದಿಂದ ಕೈಚಾಚಿ ಕೂಗುತ್ತಾಳೆ. ಮಗು! ಅವನ ಎದೆ ಹಗುರಾಗುತ್ತದೆ, ನಕ್ಕೇ ನಗುತ್ತಾನೆ.

ಈ ಬೆಳಗನ್ನೇ ನಾನು ಹಿಂದೆ ‘ನಿಷ್ಕಳಂಕ’ವೆಂದದ್ದು. ದೃಶ್ಯ ಸುಂದರವಾದದ್ದೇ, ಸಂಶಯವಿಲ್ಲ. ಆದರೆ ಇಲ್ಲಿ ಹಗುರಾದದ್ದು ಯಾರ ಎದೆ? ಹಿಂದಿನ ರಾತ್ರಿ ಅವನು ಭಯಪಟ್ಟ ಅಪಾಯವೇನು, ಆ ಹುಡುಗಿಯ ಬಾಳಿನಿಂದ ತೊಲಗಿತೇ? ಅವಳು ಮರುದಿನ ರಾತ್ರಿಯೂ ಕುಡುಕರ ಔತಣಕ್ಕೆ ಡೋಲು ಹೊತ್ತು ಹೋಗಬೇಕಾದವಳೇ. ಅವಳು ಮಗುವಾಗಿರುವುದರಿಂದ ವಿದ್ಯಾರ್ಥಿ ತನ್ನ ಆಸೆಯಿಂದ ಪಾರಾದನು. ಅವಳು ಯಾವುದರಿಂದಲೂ ಪಾರಾಗಲಿಲ್ಲ.

ಇನ್ನೊಂದು ಸಣ್ಣ ಘಟನೆಯನ್ನು ಹೇಳಬೇಕು. ಯುಗಾನೋದ ಆ ಒಳ್ಳೆಯ ಮನೆಯ ಮಹಡಿಯಿಂದ ವಿದ್ಯಾರ್ಥಿ ಕೆಳಗೆ ತೋಟದಲ್ಲಿ ಹೋಗುತ್ತಿರುವ ಏಕಿಚಿಗೆ ಕಾಗದದಲ್ಲಿ ಸುತ್ತಿದ ಹಣವನ್ನು ಎಸೆಯುತ್ತಾನೆ: ಹಣ್ಣುಗಿಣ್ಣು ಕೊಂಡುಕೊಳ್ಳಲಿ ಎಂದು. ಮಹಡಿಯಿಂದ ಎಸೆದದ್ದಕ್ಕೆ ಕ್ಷಮೆಯನ್ನೂ ಕೇಳುತ್ತಾನೆ. ಏಕಿಚಿ ಬೇಡವೆಂದು ಪೊಟ್ಟಣವನ್ನು ಮೇಲಕ್ಕೆ ಎಸೆಯುತ್ತಾನೆ. ಅದು ಹುಲ್ಲಿನ ಮಾಡಿನ ಮೇಲೆ ಬೀಳುತ್ತದೆ. ಇವನು ಮತ್ತೆ ಎಸೆಯುತ್ತಾನೆ. ಕೊನೆಗೆ ಅವನು ತೆಗೆದುಕೊಂಡು ಹೋಗುತ್ತಾನೆ. ಕಾಲೇಜಿನ ದಿನಗಳಲ್ಲಿ ಇದು ನನಗೆ ಬರಿಯ ಔದಾರ್ಯವಾಗಿ ಕಂಡಿತ್ತು.

ಯುಗಾಷಿಮಾದಲ್ಲಿ ಮರುದಿನ ಬೆಳಗ್ಗೆ ನಾನು ಮಹಡಿಯ ಕಿಟಕಿಯ ಬಳಿ ನಿಂತಿದ್ದೆ. ಹಿಂದಿನ ಸಂಜೆ ಮಳೆಯಲ್ಲಿ ಬಸ್ಸಿನ ನಿಲ್ದಾಣದಿಂದ ನನ್ನ ಪೆಟ್ಟಿಗೆಯನ್ನು ಹೊತ್ತು ತಂದ ಮುದುಕ ಕೆಳಗೆ ಎಲೆ ಗುಡಿಸುತ್ತಿದ್ದನು. ಇಂಥವರಿಗೆ ಕೊಡುವ ಹಣವನ್ನು ಬರಿಗೈಯಲ್ಲಿ ಕೊಡದೆ ಕಾಗದದಲ್ಲಿ ಸುತ್ತಿ ಕೊಡುವುದು ಆ ನಾಡಿನ ಹಳೆಯ ಮರ್ಯಾದೆ. ಹಾಗೆ ಸುತ್ತಿಟ್ಟ ಪೊಟ್ಟಣ ನನ್ನ ಕೈಯಲ್ಲಿತ್ತು. ಕರೆದು ಎಸೆದುಬಿಡೋಣವೆಂದು ಕೈ ಎತ್ತಿಯೂ ಆಗಿತ್ತು. ಕಾಲು ನೋಯುತ್ತಿದ್ದವು, ಮೆಟ್ಟಿಲು ಇಳಿಯಬೇಕು, ಚಪ್ಪಲಿ ಹುಡುಕಬೇಕು. ಆಗ ಥಟ್ಟನೆ ಕಥೆಯ ಆ ಪೊಟ್ಟಣ ನೆನಪಾಯಿತು. ಇಳಿದು ಹೋದೆ. ಮುದುಕ ಕಸಬರಿಕೆಯನ್ನು ಗೋಡೆಗೊರಗಿಸಿ, ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು, ಎರಡೂ ಕೈಯಿಂದ ತೆಗೆದುಕೊಂಡು ತಲೆಬಾಗಿದನು. ನಾನೂ ಬಾಗಿದೆ. ಎಣಿಸಿ ನೋಡಿದರೆ ಹದಿನಾಲ್ಕು ಮೆಟ್ಟಿಲು. ಇದರಿಂದ ನಾನು ವಿದ್ಯಾರ್ಥಿಗಿಂತ ಉತ್ತಮನೆಂದು ಹೇಳುತ್ತಿಲ್ಲ; ಪುಸ್ತಕ ಓದಿರದಿದ್ದರೆ ಎಸೆದೇ ಎಸೆಯುತ್ತಿದ್ದೆ. ಆದರೆ ಇದಾದ ಮೇಲೆ ಕವಾಬಾತನ ಆ ಪುಟವನ್ನು ಬೇರೆ ಕಣ್ಣಿನಿಂದ ಓದಿದೆ. ವಿದ್ಯಾರ್ಥಿಗೆ ಕಾಣದ್ದು ಲೇಖಕನಿಗೆ ಕಂಡಿದೆ. ಇಲ್ಲದಿದ್ದರೆ ಪೊಟ್ಟಣ ಮೇಲಕ್ಕೂ ಕೆಳಕ್ಕೂ ಹಾರಾಡುವುದನ್ನು ಅಷ್ಟು ಬಿಡಿಬಿಡಿಯಾಗಿ ಏಕೆ ಬರೆಯುತ್ತಿದ್ದ?

ಅಂದು ನಾನು ನಡೆದ ದಾರಿಗೆ ಈಗ ನರ್ತಕಿಯ ಹೆಸರೇ ಇದೆ. ಜೋರೆನ್ ಜಲಪಾತದಿಂದ ಯುಗಾನೋವರೆಗೆ ಸುಮಾರು 16 ಕಿಲೋಮೀಟರು. ಜಲಪಾತದ ಬಳಿ ಹರಿಯುವ ತಣ್ಣೀರಿನಲ್ಲಿ ವಸಾಬಿ ಎಂಬ ಖಾರದ ಗೆಡ್ಡೆಯ ಪಾತಿಗಳು. ಆಮೇಲೆ ನೆಟ್ಟಗೆ ನಿಂತ ಸುಗಿ ಮರಗಳ ಕತ್ತಲೆ. ಅಮಾಗಿ ಕಣಿವೆಯ ತಲೆಯಲ್ಲಿ 1904ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಸುರಂಗ. ಅದರ ಉದ್ದ ಸುಮಾರು 445 ಮೀಟರು. ಒಳಗೆ ನೀರು ತೊಟ್ಟಿಕ್ಕುತ್ತದೆ. ಕಥೆಯಲ್ಲಿ ಸುರಂಗಕ್ಕೆ ಮೊದಲು ಸಿಗುವ ಚಹದಂಗಡಿಯ ಮುದುಕಿ, ಐವತ್ತು ಸೆನ್ನಿನ ಬೆಳ್ಳಿ ನಾಣ್ಯ ಕೊಟ್ಟ ವಿದ್ಯಾರ್ಥಿಯ ಚೀಲವನ್ನು ತಾನೇ ಹೊತ್ತು ಬಹುದೂರ ಹಿಂಬಾಲಿಸುತ್ತಾಳೆ. ಅವಳೇ ಅಲೆಮಾರಿಗಳ ಮಾತು ಬಂದಾಗ, ಅಂಥವರು ಗಿರಾಕಿ ಸಿಕ್ಕ ಕಡೆ ಮಲಗುವವರೆಂದು ತಾತ್ಸಾರದಿಂದ ನುಡಿಯುತ್ತಾಳೆ. ಆ ತಾತ್ಸಾರದಿಂದಲೇ ವಿದ್ಯಾರ್ಥಿಯ ಆಸೆ ಕೆರಳುವುದೆಂಬುದನ್ನು ಕವಾಬಾತ ಮುಚ್ಚಿಟ್ಟಿಲ್ಲ.

ಯುಗಾನೋದಿಂದ ಶಿಮೋದಾಕ್ಕೆ ಹೋಗುವ ಮುಂದಿನ ದಾರಿ ಕಥೆಯ ಹೃದಯ. ಬೆಟ್ಟದ ಕಡಿದಾದ ಒಳದಾರಿಯಲ್ಲಿ ವಿದ್ಯಾರ್ಥಿ ಬಿರುಸಾಗಿ ಏರುತ್ತಾನೆ. ನರ್ತಕಿಯೊಬ್ಬಳೇ ಹಿಂದೆ ಬರುತ್ತಾಳೆ, ಆದರೆ ಸುಮಾರು ಒಂದು ಮಾರು ಅಂತರವನ್ನು ಕಡಿಮೆಯೂ ಮಾಡದೆ ಹೆಚ್ಚೂ ಮಾಡದೆ. ಅವನು ನಿಂತರೆ ಅವಳೂ ನಿಲ್ಲುತ್ತಾಳೆ. ಮುಂದೆ ನೀರಿನ ಒರತೆಯೊಂದು ಸಿಕ್ಕುತ್ತದೆ. ಹೆಂಗಸರು ಕುಡಿಯದೆ ಅವನಿಗಾಗಿ ಕಾದು ನಿಂತಿದ್ದಾರೆ. ತಾವು ಮೊದಲು ಕೈಯಿಟ್ಟರೆ ನೀರು ಕದಡುತ್ತದೆ, ಹೆಂಗಸರ ಅನಂತರ ಅದು ಕೊಳಕು ಎಂದು ಅವರಲ್ಲಿ ಹಿರಿಯಳು ಹೇಳುತ್ತಾಳೆ. ಪಾಶ್ಚಾತ್ಯ ವಾಚಕನು ಇದನ್ನು ಪೂರ್ವದೇಶದ ವಿನಯವೆಂದು ಓದಿ ಮುಂದೆ ಹೋಗಬಹುದು. ಕನ್ನಡ ವಾಚಕನು ಹಾಗೆ ಹೋಗಲಾರ. ಮೊದಲು ಯಾರು, ಆಮೇಲೆ ಯಾರು, ಯಾರ ಕೈ ಸೋಕಿದರೆ ನೀರು ಕೆಡುತ್ತದೆ ಎಂಬ ಲೆಕ್ಕ ನಮ್ಮ ಬಾವಿಕಟ್ಟೆಗಳಿಗೆ ಹೊಸದಲ್ಲ. ಎಲ್ಲರ ನೀರನ್ನು ಕೊಳೆ ಮಾಡದಿರಲಿ ಎಂದು ಮೈತೊಳೆದು ತೊಟ್ಟಿಗಿಳಿಯುವುದು ಒಂದು ಶುಚಿ; ತನ್ನ ಹುಟ್ಟೇ ಕೊಳೆಯೆಂದು ನಂಬಿ ಹಿಂದೆ ನಿಲ್ಲುವುದು ಬೇರೊಂದು. ಕಥೆಯಲ್ಲಿ ಇವೆರಡೂ ಇವೆ. ನಾನು ಮೊದಲನೆಯದನ್ನು ಮಾತ್ರ ಕಂಡಿದ್ದೆ.

ನೀರು ಕುಡಿದು ಇಳಿಯುವಾಗ, ಇವನು ಒಳ್ಳೆಯವನೆಂದು ಹೆಂಗಸರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ವಿದ್ಯಾರ್ಥಿಯ ಕಿವಿಗೆ ಬೀಳುತ್ತದೆ. ಅನಾಥತನದಿಂದ ತನ್ನ ಸ್ವಭಾವವೇ ವಕ್ರವಾಯಿತೆಂದು ಕೊರಗುತ್ತಿದ್ದವನಿಗೆ ಆ ಮಾತು ಅಮೃತವಾಗುತ್ತದೆ. ವಿಮರ್ಶಕರು ಸಾಮಾನ್ಯವಾಗಿ ಇದನ್ನೇ ಕಥೆಯ ಶಿಖರವೆನ್ನುತ್ತಾರೆ. ಆದರೆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಇನ್ನೂ ಒಂದು ವಾಕ್ಯವಿದೆ: ದಾರಿಯ ಹಳ್ಳಿಗಳ ಬಾಗಿಲಲ್ಲಿ ಅಲ್ಲಲ್ಲಿ ನೆಟ್ಟ ಹಲಗೆಗಳ ಸುದ್ದಿ. ಭಿಕ್ಷುಕರೂ ಅಲೆಮಾರಿ ಕಲಾವಿದರೂ ಊರೊಳಗೆ ಬರಕೂಡದೆಂಬ ಅಪ್ಪಣೆ ಅವುಗಳ ಮೇಲಿದೆ. ಲೇಖಕನು ಅದಕ್ಕೆ ತನ್ನದೊಂದು ಮಾತನ್ನೂ ಸೇರಿಸಿಲ್ಲ. ವಿದ್ಯಾರ್ಥಿಯ ಎದೆ ತುಂಬಿದ ಮರುಕ್ಷಣದಲ್ಲಿಯೇ ಅದನ್ನು ಓದುಗನ ಮುಂದೆ ನಿಲ್ಲಿಸಿದ್ದಾನೆ. ಅವನನ್ನು ಒಳ್ಳೆಯವನೆಂದು ಹರಸಿದವರಿಗೆ ಊರೊಳಗೆ ಎಡೆಯಿಲ್ಲ. ಹರಸಿಸಿಕೊಂಡವನಿಗೆ ಎಲ್ಲ ಬಾಗಿಲೂ ತೆರೆದಿದೆ. ನಾನು ನಡೆದ ಭಾಗದಲ್ಲಿ ನರ್ತಕಿಯ ವಿಗ್ರಹಗಳನ್ನು ಕಂಡೆ, ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗಳನ್ನು ಕಂಡೆ. ಆ ಹಲಗೆಯ ನೆನಪು ಮಾಡಿಕೊಡುವ ಒಂದು ಕಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ಇದು ಸಾಮಾಜಿಕ ಅನ್ಯಾಯದ ಕಥೆಯೆ? ಹಾಗೆಂದರೂ ತಪ್ಪಾಗುತ್ತದೆ. ಕವಾಬಾತನು ಸುಧಾರಕನಲ್ಲ, ಅವನ ಕೊರತೆಯೂ ಇಲ್ಲಿ ಸ್ಪಷ್ಟವಾಗಿದೆ. ನರ್ತಕಿಯ ಒಳಗೆ ಅವನು ಒಮ್ಮೆಯೂ ಹೊಕ್ಕಿಲ್ಲ. ಏಕಿಚಿಯ ಹೆಂಡತಿ ಪ್ರವಾಸದಲ್ಲಿಯೇ ಹೆತ್ತು ಒಂದು ವಾರದಲ್ಲಿ ಕಳೆದುಕೊಂಡ ಕೂಸಿನ ದುಃಖಕ್ಕೆ ನಾಲ್ಕೇ ಸಾಲು. ಆ ಕೂಸಿನ ನಲವತ್ತೊಂಬತ್ತನೆಯ ದಿನದ ಕರ್ಮಕ್ಕೆ ನಿಲ್ಲೆಂದು ಅವರು ಬೇಡಿದರೂ, ವಿದ್ಯಾರ್ಥಿ ಕೈಯಲ್ಲಿ ಹಣ ಮುಗಿಯಿತೆಂದು ಹೊರಟುಬಿಡುತ್ತಾನೆ. ದಾರಿಯಲ್ಲಿ ಅವನು ಶಾಲೆಯ ಟೋಪಿಯನ್ನು ಚೀಲಕ್ಕೆ ತುರುಕಿ ಸಾದಾ ಟೋಪಿಯೊಂದನ್ನು ಕೊಂಡು ಹಾಕಿಕೊಂಡಿದ್ದ. ಬಂದರಿನಲ್ಲಿ ಅದನ್ನು ಏಕಿಚಿಯ ತಲೆಗೆ ಇಟ್ಟು, ಶಾಲೆಯ ಟೋಪಿಯನ್ನು ಹೊರತೆಗೆದು ಸುಕ್ಕು ಬಿಡಿಸುತ್ತಾನೆ. ಇಬ್ಬರೂ ನಗುತ್ತಾರೆ. ನನಗೆ ಈ ಸಲ ನಗು ಬರಲಿಲ್ಲ. ಟೋಪಿ ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಆ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಇತ್ತು.

ಇಷ್ಟಾಗಿಯೂ ಕೊನೆಯ ಪುಟ ನನ್ನನ್ನು ಮತ್ತೆ ಗೆದ್ದಿತು. ಅದೇ ವರ್ಷದ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಮಗನನ್ನೂ ಸೊಸೆಯನ್ನೂ ಕಳೆದುಕೊಂಡು, ಮೂರು ಮೊಮ್ಮಕ್ಕಳೊಡನೆ ದಿಕ್ಕುಗೆಟ್ಟ ಮುದುಕಿಯೊಬ್ಬಳನ್ನು ಕೂಲಿಕಾರರು ಅವನ ಕೈಗೆ ಒಪ್ಪಿಸುತ್ತಾರೆ. ಅವನು ಒಪ್ಪಿಕೊಳ್ಳುತ್ತಾನೆ. ಹಡಗಿನಲ್ಲಿ ಅಳುತ್ತಿರುವಾಗ, ಪರೀಕ್ಷೆಗೆ ಹೊರಟ ಹುಡುಗನೊಬ್ಬನು ಕೊಟ್ಟ ಊಟವನ್ನು ಸಂಕೋಚವಿಲ್ಲದೆ ತಿನ್ನುತ್ತಾನೆ. ಅವನ ಮೇಲಂಗಿಯೊಳಗೆ ಬೆಚ್ಚಗೆ ಸೇರಿಕೊಳ್ಳುತ್ತಾನೆ. ಮಹಡಿಯಿಂದ ಎಸೆದು ಅಭ್ಯಾಸವಾದವನು ಕೈಯೊಡ್ಡಿ ತೆಗೆದುಕೊಳ್ಳಲು ಕಲಿತಿದ್ದಾನೆ. ಹಡಗಿನಲ್ಲಿ ಮಹಡಿಯ ಕೋಣೆಯಿಲ್ಲ, ಆಚೆ ದಡವಿಲ್ಲ. ಎಲ್ಲರೂ ಒಂದೇ ಹಲಗೆಯ ಮೇಲೆ ಮಲಗಿದವರು. ಆದರೆ ಇದನ್ನು ಅವನಿಗೆ ಕಲಿಸಿದವರು ಬಂದರಿನಲ್ಲಿಯೇ ಉಳಿದರು.

ಯುಗಾನೋದಲ್ಲಿ ನನ್ನ ಕೋಣೆ ಕೆಳಗಿನ ಅಂತಸ್ತಿನದು. ಕೇಳಿ ಪಡೆದದ್ದಲ್ಲ, ಮಹಡಿ ತುಂಬಿತ್ತು. ಸ್ನಾನ ಮುಗಿಸಿ ಕಾವಾಜು ನದಿಯ ಆಚೆ ದಡದ ದೀಪಗಳನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ. ‘ಇಜುವಿನ ನರ್ತಕಿ’ ದೊಡ್ಡ ಕಥೆಯೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ‘ನಿಷ್ಕಳಂಕ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಥೆಯನ್ನು ಹೊಸದಾಗಿ ಓದುವ ಮಿತ್ರರು ಒಂದೇ ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ: ಊರ ಬಾಗಿಲಿನ ಆ ಹಲಗೆಯ ಬಳಿ ಬಂದಾಗ ಸ್ವಲ್ಪ ಹೊತ್ತು ನಿಂತು ಮುಂದೆ ಹೋಗಿ.