ವಾಲಿ ಸೋಲುವ ಬಗೆ

ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಎದೆಗೆ ಬಾಣ ನೆಟ್ಟ ವಾಲಿ ರಾಮನನ್ನು ಹೀಗೆ ಕೇಳುವ ಗಳಿಗೆಯಲ್ಲಿ ತಾಳಮದ್ದಳೆಯ ಸತ್ವಪರೀಕ್ಷೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದೊಡನೆ ಇಬ್ಬರು ಅರ್ಥಧಾರಿಗಳು ಕುಳಿತಲ್ಲೇ, ಬರಿಯ ಮಾತಿನಲ್ಲಿ ಮುಖಾಮುಖಿಯಾಗಬೇಕು.

ಈ ಮುಖಾಮುಖಿಯ ಕೊನೆ ಎಲ್ಲರಿಗೂ ಮೊದಲೇ ಗೊತ್ತು. ವಾಲಿ ರಾಮನಿಗೆ ಮಣಿದು ಮಗ ಅಂಗದನನ್ನು ಅವನ ಕೈಗೊಪ್ಪಿಸುತ್ತಾನೆ. ಹಾಗೆಯೇ ಕೃಷ್ಣಸಂಧಾನ ಪ್ರಸಂಗದಲ್ಲಿ ಸಂಧಿ ಮುರಿದೇ ಬೀಳುತ್ತದೆ. ಪ್ರಸಂಗ ತೀರ್ಪು ಕೊಟ್ಟಾದ ಮೇಲೆ ಅರ್ಥಧಾರಿ ಗೆಲ್ಲಲು ಹೊರಡುವುದರಲ್ಲಿ ಹುರುಳಿಲ್ಲ. ಆ ಮಣಿಯುವಿಕೆ ವಾದದ ಒಳಗಿಂದಲೇ ಹುಟ್ಟಿತೇ ಎಂಬುದೊಂದೇ ಪ್ರಶ್ನೆ.

ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪಾತ್ರಗಳಿಗೆ ತರ್ಕದ ಕಸುವು ತುಂಬಿದರು. ಖಳನೆಂದು ತಳ್ಳಿಹಾಕಿದವನಿಗೂ ತನ್ನದೇ ನ್ಯಾಯವಿದೆ ಎಂಬುದನ್ನು ಕರಾವಳಿಯ ಶ್ರೋತೃಗಳು ಅವರ ಬಾಯಲ್ಲಿ ಕೇಳಿದರು. ತಾಳಮದ್ದಳೆ ಕನ್ನಡಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದೂ ಒಂದು.

ಇಂದಿನ ಹಲವು ಕೂಟಗಳಲ್ಲಿ ಆ ಹರಿತ ಉಳಿದಿದೆ, ಹದ ತಪ್ಪಿದೆ. ವಾಲಿ ಒಂದೇ ಉಸಿರಿಗೆ ಹತ್ತು ಪ್ರಶ್ನೆ ಎಸೆದು, ಉತ್ತರಕ್ಕೆ ಬಾಯಿ ತೆರೆದ ರಾಮನನ್ನು ನಡುವೆಯೇ ತಡೆಯುತ್ತಾನೆ. ಪಾತ್ರದ ಮೇಲಿನ ಮಾತು ಎದುರು ಕುಳಿತ ಕಲಾವಿದನ ಮೇಲಿನ ಚುಚ್ಚುನುಡಿಯಾಗುತ್ತದೆ, ಸಭೆ ಅದಕ್ಕೇ ಚಪ್ಪಾಳೆ ತಟ್ಟುತ್ತದೆ. ತಪ್ಪು ವಾಲಿಯದಷ್ಟೇ ಎನ್ನುವಂತಿಲ್ಲ. ತಮ್ಮನಾದ ಸುಗ್ರೀವ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದು, ಭರತನ ಆಳ್ವಿಕೆಯ ನೆಲದಲ್ಲಿ ಅಧರ್ಮಕ್ಕೆ ದಂಡನೆ ತಪ್ಪದೆಂಬುದು: ವಾಲ್ಮೀಕಿಯ ರಾಮನ ಬಳಿ ಇಂಥ ಗಟ್ಟಿ ಉತ್ತರಗಳಿವೆ. ಅವನ್ನು ಬಿಟ್ಟು 'ನಾನು ಅವತಾರಪುರುಷ' ಎಂದು ದೈವತ್ವದ ಮರೆಗೆ ಸರಿಯುವ ರಾಮ ಎರಡನೆಯ ಸಲವೂ ಮರೆಯಿಂದಲೇ ಹೊಡೆದಂತೆ.

ರುಮೆಯ ಹೆಸರು ಬಂದಾಗ ವಾಲಿ ಕ್ಷಣಕಾಲ ತಡವರಿಸಬೇಕು. ಆ ತಡವರಿಕೆಗೆ ಎಡೆಯಿಲ್ಲದ ವಾಲಿ ಎಷ್ಟೇ ನಿರರ್ಗಳವಾಗಿ ಮಾತಾಡಿದರೂ ಅವನ ಶರಣಾಗತಿ ಹುಸಿಯಾಗುತ್ತದೆ. ಇಬ್ಬರೂ ಹಳಿ ತಪ್ಪಿದಾಗ ಮುಂದಿನ ಪದ ಎತ್ತಿ ಮಾತು ಕತ್ತರಿಸುವ ಅಧಿಕಾರ ಭಾಗವತರದು. ಹೆಸರಾಂತ ಅರ್ಥಧಾರಿಯ ಮುಂದೆಯೂ ಅವರು ಅದನ್ನು ಬಳಸಬೇಕು.

ಎದುರಿನವನ ಅತ್ಯುತ್ತಮ ವಾದವನ್ನು ಹೊರಗೆಳೆಯುವ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ. ಆದ್ದರಿಂದ ವಾಲಿಗೆ ಬೆಲೆ ಕಟ್ಟಬೇಕಾದದ್ದು ರಾಮನ ಉತ್ತರ ಕೇಳಿದ ಮೇಲೆ.